ಓಲ್ಸೆನ್ ಎಂಬುದು ಒಂದು ವಂಶವಲ್ಲ

ಮಾನ್ಯ ಸಂಪಾದಕರೇ,

ಹೆಸರುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಅದರಲ್ಲಿ ನಾರ್ವೆಯ ‘ಓಲ್ಸೆನ್ ವಂಶಸ್ಥರು’ ಇಂದು ಹಲವು ದೇಶಗಳಲ್ಲಿ ಹರಡಿಕೊಂಡಿದ್ದಾರೆ ಎಂಬ ಮಾತಿದೆ. ಅದನ್ನು ತಿದ್ದಬೇಕು. ಓಲ್ಸೆನ್ ಅಂತ ಒಂದು ವಂಶ ಯಾವ ಕಾಲಕ್ಕೂ ಇರಲಿಲ್ಲ. ಓಲೆ ಎಂಬುವನ ಮಗ ಓಲ್ಸೆನ್, ಅಷ್ಟೇ. ಊರೂರಿಗೂ ಓಲೆ ಎಂಬ ಹೆಸರಿನ ಗಂಡಸರು ಇದ್ದರು, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಅವರ ಮಕ್ಕಳ ಹೆಸರು ಒಂದೊಂದು ದೇಶದಲ್ಲಿ ಒಂದೊಂದು ಇಸವಿಯಲ್ಲಿ, ಕಾನೂನಿನ ಒತ್ತಾಯಕ್ಕೆ, ಮುಂದೆ ಚಲಿಸದೆ ಖಾಯಂ ಅಡ್ಡಹೆಸರಾಗಿ ನಿಂತುಬಿಟ್ಟಿತು. ಇವತ್ತು ಭೂಪಟದಲ್ಲಿ ಓಲ್ಸೆನ್‌ಗಳು ಎಲ್ಲಿ ದಟ್ಟವಾಗಿದ್ದಾರೆ ಎಂದು ನೋಡಿದರೆ ಕಾಣುವುದು ರಕ್ತಸಂಬಂಧವಲ್ಲ, ಹೆಸರು ನಿಂತುಹೋದ ಆ ಹೊತ್ತು.

ಮೂಲದಿಂದ ಶುರು ಮಾಡುವುದು ಒಳ್ಳೆಯದು. ಓಲೆ, ಓಲಾ, ಓಲುಫ್, ಓಲಾವ್ ಎಲ್ಲವೂ ಹಳೆಯ ನಾರ್ಸ್ ಭಾಷೆಯ ಓಲಾಫ್ರ್ ಎಂಬ ಒಂದೇ ಹೆಸರಿನ ಕವಲುಗಳು. ಅದಕ್ಕೂ ಹಿಂದಿನ ರೂಪ ಅನುಲೈಬಝ್: ಪೂರ್ವಿಕರು ಉಳಿಸಿಹೋದ ಕುಡಿ ಎಂಬ ಅರ್ಥ. ದೊರೆ ಓಲಾವ್ ಹರಾಲ್ಡ್‌ಸನ್ 1030ರಲ್ಲಿ ಸ್ಟಿಕ್ಲೆಸ್ಟಾಡ್ ಕಾಳಗದಲ್ಲಿ ಸತ್ತು, ಆಮೇಲೆ ಸಂತನೆಂದು ಪೂಜೆಗೊಂಡ. ಅಲ್ಲಿಂದ ಈ ಹೆಸರಿಗೆ ಬಂದ ಬೇಡಿಕೆ ಮುಂದಿನ ಎಂಟು ನೂರು ವರ್ಷ ಇಳಿಯಲಿಲ್ಲ. ವೈಕಿಂಗರ ಜತೆ ಅದು ಐರ್ಲೆಂಡಿಗೂ ಸ್ಕಾಟ್ಲೆಂಡಿಗೂ ಹೋಗಿ ಅಲ್ಲಿನ ಗೇಲಿಕ್ ಭಾಷೆಯವರ ಬಾಯಲ್ಲಿ ಬೇರೆಯದೇ ರೂಪ ತಾಳಿತು. ಓಲಾಫನ ಮಗ ಎಂಬುದು ಐರ್ಲೆಂಡಿನಲ್ಲಿ ಮೆಕಾಲಿಫ್ ಆಯಿತು, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಮೆಕಾಲೆ ಆಯಿತು. 1835ರಲ್ಲಿ ನಮಗೆಲ್ಲ ಇಂಗ್ಲಿಷ್ ಶಿಕ್ಷಣ ಸಾಕು ಎಂದು ಬರೆದಿಟ್ಟ ಮೆಕಾಲೆಯ ಮನೆತನ ಆ ದ್ವೀಪದ್ದೇ. ನಮ್ಮ ವಾಗ್ವಾದಗಳಲ್ಲಿ ದಿನಾ ಬೈಸಿಕೊಳ್ಳುವ ಆ ಮಹಾಶಯ ಹೆಸರಿನ ಲೆಕ್ಕದಲ್ಲಿ ಒಬ್ಬ ಓಲ್ಸೆನ್!

ಹೆಸರು ನಡೆಯುತ್ತಿದ್ದ ರೀತಿ ಹೀಗೆ. ಓಲೆಯ ಮಗ ಹಾನ್ಸ್ ಆದರೆ ಅವನು ಹಾನ್ಸ್ ಓಲ್ಸೆನ್. ಮಗಳು ಕಾರಿ ಆದರೆ ಕಾರಿ ಓಲ್ಸ್‌ದಾತ್ತೆರ್. ಮದುವೆಯಾದರೂ ಕಾರಿಯ ಹೆಸರು ಬದಲಾಗದು, ಅಪ್ಪ ಬದಲಾಗುವುದಿಲ್ಲವಲ್ಲ. ಹಾನ್ಸನ ಹಿರಿಮಗನಿಗೆ ತಂದೆಯ ತಂದೆಯ ಹೆಸರಿಡುವುದು ವಾಡಿಕೆ, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಹಾಗಾಗಿ ಹಾನ್ಸ್ ಓಲ್ಸೆನ್ ಮಗ ಓಲೆ ಹಾನ್ಸೆನ್, ಅವನ ಮಗ ಮತ್ತೆ ಹಾನ್ಸ್ ಓಲ್ಸೆನ್. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆಯೂ ಇರುವುದರಿಂದ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಒಂದೇ ಚರ್ಚಿನ ವ್ಯಾಪ್ತಿಯಲ್ಲಿ ಒಂದೇ ವಯಸ್ಸಿನ ನಾಲ್ಕಾರು ಓಲೆ ಹಾನ್ಸೆನ್‌ಗಳು ಇರುತ್ತಿದ್ದರೆಂದರೆ ಆಶ್ಚರ್ಯವಿಲ್ಲ.

ಈ ಗೊಂದಲ ತಪ್ಪಿಸಲು ನಾರ್ವೆಯವರು ಹೊಲಮನೆಯ ಹೆಸರನ್ನು ಕೊನೆಗೆ ಸೇರಿಸಿದರು: ಓಲೆ ಹಾನ್ಸೆನ್ ಹೌಗೆನ್. ಹೌಗೆನ್ ಎಂಬ ದಿಬ್ಬದ ಮೇಲಿನ ಹೊಲಮನೆಯಲ್ಲಿರುವ, ಹಾನ್ಸನ ಮಗ ಓಲೆ. ಚಿತ್ರದುರ್ಗ ಜಿಲ್ಲೆಯವರಿಗೆ ಇದು ತಟ್ಟನೆ ಅರ್ಥವಾಗುವ ಸಂಗತಿ. ತ.ರಾ.ಸು. ಅಂದರೆ ತಳುಕಿನ ರಾಮಸ್ವಾಮಯ್ಯನವರ ಮಗ ಸುಬ್ಬರಾಯ. ಅವರ ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯ ಅಂದರೆ ತಳುಕಿನ ಸುಬ್ಬಣ್ಣನವರ ಮಗ. ಊರಿನ ಅಕ್ಷರ ನಿಂತಿದೆ, ಅಪ್ಪನ ಅಕ್ಷರ ತಲೆಮಾರಿಗೊಮ್ಮೆ ಜರುಗಿದೆ. ಎಸ್. ನಿಜಲಿಂಗಪ್ಪನವರ ಎಸ್ ಸಿದ್ದವ್ವನಹಳ್ಳಿ. ಅದೇ ಊರಿನ ಹೆಸರು ಹೊತ್ತ ಇನ್ನೊಬ್ಬರು ಅವರಿಗೆ ನೆಂಟರಾಗಬೇಕಿಲ್ಲ. ಹೌಗೆನ್ ಎಂಬ ಹೆಸರಿನವರೂ ಅಷ್ಟೇ. ಆ ಹೊಲಮನೆಯ ಒಡೆಯನಿಗೂ ಅಲ್ಲಿ ಜೀತಕ್ಕಿದ್ದವನಿಗೂ ಒಂದೇ ಹೆಸರು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು, ಪೂರ್ವಿಕರನ್ನು ಹುಡುಕುವವರು ಎಡವುವುದೂ ಇಲ್ಲೇ. ನಮ್ಮಲ್ಲಿ ತಳುಕು ಬಿಟ್ಟು ಬೆಂಗಳೂರು ಸೇರಿದವರ ಇನಿಷಿಯಲ್‌ನಲ್ಲಿ ತಳುಕು ಉಳಿಯುತ್ತದೆ. ನಾರ್ವೆಯಲ್ಲಿ ಹೊಲಮನೆ ಬದಲಾದರೆ ಹೆಸರಿನ ಬಾಲವೂ ಬದಲು. ಹೌಗೆನ್‌ನಲ್ಲಿ ಹುಟ್ಟಿದವನು ಬಾಕೆನ್ ಎಂಬ ಹೊಲಮನೆಯ ಹೆಣ್ಣನ್ನು ಮದುವೆಯಾಗಿ ಮನೆಅಳಿಯನಾದರೆ ಅಂದಿನಿಂದ ಅವನು ಓಲೆ ಹಾನ್ಸೆನ್ ಬಾಕೆನ್. ಅದು ವಿಳಾಸ, ಮನೆತನವಲ್ಲ.

ಇನ್ನು ಹೆಸರು ನಿಂತ ಕತೆ. ಡೆನ್ಮಾರ್ಕಿನ ಕುಲೀನರಿಗೆ 1526ರಲ್ಲೇ ಖಾಯಂ ಅಡ್ಡಹೆಸರು ಇಟ್ಟುಕೊಳ್ಳಿ ಎಂದು ದೊರೆ ಆಜ್ಞೆ ಮಾಡಿದ್ದ. ಅವರು ಇಟ್ಟುಕೊಂಡರು, ಹಳ್ಳಿಯವರಿಗೆ ಅದರ ಗೊಡವೆ ಇರಲಿಲ್ಲ. ಷ್ಲೆಸ್ವಿಗ್ ಪ್ರಾಂತ್ಯದಲ್ಲಿ 1771ಕ್ಕೆ, ಉಳಿದ ಡೆನ್ಮಾರ್ಕಿನಲ್ಲಿ 1828ಕ್ಕೆ, ಚರ್ಚಿನಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮಾಡಿಸುವ ಹೊತ್ತಿಗೆ ಮಗುವಿಗೆ ಅಡ್ಡಹೆಸರನ್ನೂ ಬರೆಸಬೇಕು ಎಂಬ ಕಟ್ಟಳೆ ಬಂತು. ಆದರೆ ಯಾವ ಹೆಸರು? ಅಪ್ಪನ ಹೆಸರಿಗೆ ‘ಸೆನ್’ ಹಚ್ಚುವುದೋ, ಅಪ್ಪನಿಗಿದ್ದ ‘ಸೆನ್’ ಅನ್ನೇ ಮುಂದುವರಿಸುವುದೋ? ಒಬ್ಬ ಪಾದ್ರಿ ಹೀಗೆ ಬರೆದ, ಇನ್ನೊಬ್ಬ ಹಾಗೆ ಬರೆದ. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಹೆಸರಿನಲ್ಲಿ ಸಿಗುವುದು ಈ ಕಾಲದ ದಾಖಲೆಗಳಲ್ಲೇ. 1856ರಲ್ಲಿ ಇನ್ನೊಂದು ಕಾನೂನು ಮಾಡಿ ಬಿಗಿ ಮಾಡಬೇಕಾಯಿತು. ಬೇರೆ ಹೆಸರು ಯೋಚಿಸುವ ಪುರುಸೊತ್ತು ಯಾರಿಗಿತ್ತು? ಇದ್ದ ‘ಸೆನ್’ ಅನ್ನೇ ಬರೆಸಿದರು. ಡೆನ್ಮಾರ್ಕಿನ ಅತಿ ಸಾಮಾನ್ಯವಾದ ಇಪ್ಪತ್ತು ಅಡ್ಡಹೆಸರುಗಳಲ್ಲಿ ಹಿಟ್ಟಿನ ಗಿರಣಿಯವ ಎಂಬ ಅರ್ಥದ ಮೊಲ್ಲರ್ ಒಂದನ್ನು ಬಿಟ್ಟು ಉಳಿದವೆಲ್ಲ ‘ಸೆನ್’ ಆಗಿರುವುದು ಆ ಕಾರಣಕ್ಕೆ. ಓಲ್ಸೆನ್ ಆ ಪಟ್ಟಿಯಲ್ಲಿದೆ.

ಸ್ವೀಡನ್ನಿನಲ್ಲಿ ಪೇಟೆಯವರು ಹತ್ತೊಂಬತ್ತನೆಯ ಶತಮಾನದಲ್ಲೇ ಹೆಸರು ನಿಲ್ಲಿಸಿದ್ದರು, 1901ರ ನಿಯಮಾವಳಿ ಉಳಿದವರನ್ನೂ ಆ ದಾರಿಗೆ ತಂದಿತು. ಅಲ್ಲಿ ಬರೆಯುವುದು ಓಲ್ಸ್ಸೊನ್, ಎರಡು ಎಸ್ ಇಟ್ಟು. ಒಂದು ಎಸ್ ‘ಓಲೆಯ’ ಎಂಬ ಷಷ್ಠಿಗೆ, ಇನ್ನೊಂದು ‘ಸೊನ್’ಗೆ. ನಾರ್ವೆ ಎಲ್ಲರಿಗಿಂತ ತಡ: 1923ರ ಕಾನೂನು. 1814ರವರೆಗೆ ಅದು ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದು ಬರವಣಿಗೆಯೂ ಡ್ಯಾನಿಷ್ ಆಗಿದ್ದರಿಂದ, ಜನ ಓಲಾ ಎಂದು ಕರೆದರೂ ಚರ್ಚಿನ ಪುಸ್ತಕದಲ್ಲಿ ಓಲೆ, ಮಗ ಓಲ್ಸೆನ್.

ಈ ತಡ ಆದದ್ದರಿಂದಲೇ ನಾರ್ವೆಯ ಭೂಪಟ ಡೆನ್ಮಾರ್ಕಿನಂತಿಲ್ಲ. ಪೇಟೆಯ ಕೂಲಿಗಾರರು ಮತ್ತು ಉತ್ತರದ ಕರಾವಳಿಯ ಮೀನುಗಾರರು ಅಪ್ಪನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡರು. ಒಳನಾಡಿನ ಕಣಿವೆಗಳ ರೈತರು ಹೊಲಮನೆಯ ಹೆಸರು ಹಿಡಿದರು. ಹಾಗಾಗಿ ಉತ್ತರ ನಾರ್ವೆಯಲ್ಲಿ ‘ಸೆನ್’ ದಟ್ಟ, ಟೆಲೆಮಾರ್ಕಿನಂಥ ಒಳಪ್ರಾಂತ್ಯಗಳಲ್ಲಿ ವಿರಳ. ಇಡೀ ದೇಶದಲ್ಲಿ ಹಾನ್ಸೆನ್, ಯೋಹಾನ್ಸೆನ್ ಆದ ಮೇಲೆ ಓಲ್ಸೆನ್ ಮೂರನೆಯದು, 40 ಸಾವಿರಕ್ಕೂ ಹೆಚ್ಚು ಜನ. ಸ್ವೀಡನ್ನಿನಲ್ಲಿ ಓಲ್ಸ್ಸೊನ್ ಮೊದಲ ಹತ್ತರೊಳಗಿದೆ. ಫೆರೊ ದ್ವೀಪಗಳಲ್ಲೂ ಗ್ರೀನ್‌ಲ್ಯಾಂಡಿನಲ್ಲೂ ಡ್ಯಾನಿಷ್ ಆಡಳಿತದ ಜತೆ ಹೋದ ಓಲ್ಸೆನ್‌ಗಳಿದ್ದಾರೆ.

ಅಮೆರಿಕದ್ದು ಬೇರೆಯೇ ಗೊಂದಲ. ನಾರ್ವೆಯಿಂದ ಮೊದಲ ವಲಸೆ ಹಡಗು 1825ರ ಜುಲೈ 4ರಂದು ಸ್ಟಾವಾಂಗರ್ ಬಂದರಿನಿಂದ ಹೊರಟಿತು. ಮುಂದಿನ ನೂರು ವರ್ಷದಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಹೋದರು, ಬಹುಪಾಲು ಮಿನೆಸೋಟ, ವಿಸ್ಕಾನ್ಸಿನ್, ನಾರ್ತ್ ಡಕೋಟ ಕಡೆಗೆ. ಅಲ್ಲಿ ನಾರ್ವೆಯ ಓಲ್ಸೆನ್, ಸ್ವೀಡನ್ನಿನ ಓಲ್ಸ್ಸೊನ್ ಎರಡೂ ಎಷ್ಟೋ ಕಡೆ ಒಂದೇ ಎಸ್‌ನ ಓಲ್ಸನ್ ಆದವು. ‘ಸೆನ್ ಇದ್ದರೆ ನಾರ್ವೆ ಅಥವಾ ಡೆನ್ಮಾರ್ಕ್, ಸೊನ್ ಇದ್ದರೆ ಸ್ವೀಡನ್’ ಎಂಬ ಸೂತ್ರ ಸಮುದ್ರದ ಆಚೆ ದಡದಲ್ಲಿ ಕೆಲಸಕ್ಕೆ ಬಾರದು. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಬದಲಾಯಿಸಿದರು ಎಂಬ ಕತೆ ನಿಮ್ಮ ಬರಹದಲ್ಲೂ ಬಂದಿದೆ. ಆ ಕೇಂದ್ರ ತೆರೆದದ್ದೇ 1892ರಲ್ಲಿ, ಅದಕ್ಕೆ ಮುಂಚೆಯೇ ಲಕ್ಷಗಟ್ಟಲೆ ಜನ ಬಂದಾಗಿತ್ತು. ಅಲ್ಲದೆ ಪ್ರಯಾಣಿಕರ ಪಟ್ಟಿ ಬರೆಯುತ್ತಿದ್ದುದು ಹಡಗಿನ ಕಂಪನಿಯವರು, ಹೊರಡುವ ಬಂದರಿನಲ್ಲಿ. ಗುಮಾಸ್ತ ಪಟ್ಟಿ ನೋಡಿ ಗುರುತು ಹಾಕುತ್ತಿದ್ದ, ಅಷ್ಟೇ. ಹೆಸರು ಬದಲಾಯಿಸಿಕೊಂಡವರು ಆಮೇಲೆ ತಾವೇ ಬದಲಾಯಿಸಿಕೊಂಡರು. ಅಣ್ಣ ಅಪ್ಪನ ಹೆಸರು ಹಿಡಿದು ಓಲ್ಸನ್ ಆದ, ತಮ್ಮ ಹೊಲಮನೆ ಹಿಡಿದು ಹೌಗೆನ್ ಆದ. ಮೊಮ್ಮಕ್ಕಳಿಗೆ ಪರಸ್ಪರ ಗುರುತೇ ಇಲ್ಲ.

ನಿಂತ ಹೆಸರಿಗೂ ನಡೆಯುವ ಹೆಸರಿಗೂ ಇರುವ ಅಂತರ ಚೆಸ್ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. 2013ರಲ್ಲಿ ಆನಂದ್ ಅವರನ್ನು ಸೋಲಿಸಿದ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸೆನ್ ಅವರ ತಂದೆ ಕಾರ್ಲ್ ಅಲ್ಲ, ಹೆನ್ರಿಕ್. 1978ರಿಂದ 1982ರವರೆಗೆ ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷರಾಗಿದ್ದ ಐಸ್‌ಲ್ಯಾಂಡಿನ ಫ್ರಿಡ್ರಿಕ್ ಓಲಾಫ್ಸನ್ ಅವರ ತಂದೆಯ ಹೆಸರು ಮಾತ್ರ ಓಲಾಫುರ್ ಎಂದೇ. ಐಸ್‌ಲ್ಯಾಂಡ್ ಹಳೆಯ ಪದ್ಧತಿ ಬಿಟ್ಟಿಲ್ಲ. 1925ರ ಕಾನೂನು ಹೊಸದಾಗಿ ಮನೆತನದ ಹೆಸರು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಅಲ್ಲಿ ಟೆಲಿಫೋನ್ ಡೈರೆಕ್ಟರಿಯೂ ಇಟ್ಟ ಹೆಸರಿನ ಕ್ರಮದಲ್ಲಿ ಇರುತ್ತಿತ್ತು, ಪ್ರಧಾನಿಯನ್ನು ಕರೆಯುವುದೂ ಇಟ್ಟ ಹೆಸರಿನಿಂದ. ನಮ್ಮ ಕ್ರೀಡಾಪುಟಗಳು ಐಸ್‌ಲ್ಯಾಂಡಿನ ಆಟಗಾರನನ್ನು ಬರೀ ‘ಓಲಾಫ್ಸನ್’ ಎಂದು ಬರೆದರೆ ಅದು ಅವನ ಅಪ್ಪನನ್ನು ಕರೆದ ಹಾಗೆ. ದಯವಿಟ್ಟು ಡೆಸ್ಕಿನವರಿಗೆ ತಿಳಿಸಿ.

ಓಲ್ಸೆನ್ ಎಂಬ ಪೂರ್ವಿಕನನ್ನು ಹುಡುಕುವ ದಾರಿಯನ್ನೂ ಹೇಳಿಬಿಡುವುದು ಒಳ್ಳೆಯದು, ಅಂತರ್ಜಾಲದಲ್ಲಿ ವಂಶವೃಕ್ಷ ಕಟ್ಟುವ ಚಟ ಈಗ ಎಲ್ಲೆಡೆ ಹಬ್ಬಿದೆ. ನಾರ್ವೆಯ ದಾಖಲೆಗಳು ಡಿಜಿಟಲಾರ್ಕಿವೆಟ್ ಎಂಬ ಸರ್ಕಾರಿ ತಾಣದಲ್ಲಿ ಉಚಿತ. 1910ರ ಜನಗಣತಿಯಿಂದ ಹಿಂದಕ್ಕೆ ಹೋಗಬೇಕು, ಅದರಲ್ಲಿ ಹುಟ್ಟಿದ ತಾರೀಖು ಇದೆ. ಅಲ್ಲಿಂದ 1900, 1875, 1865, ಕೊನೆಗೆ 1801. ಓಲ್ಸೆನ್ ಎಂದು ಟೈಪ್ ಮಾಡಿದರೆ ಸಾವಿರಾರು ಸಾಲು ಬಂದು ಕೂರುತ್ತದೆ. ಇಟ್ಟ ಹೆಸರು, ಹುಟ್ಟಿದ ಇಸವಿ, ಹೊಲಮನೆ ಈ ಮೂರನ್ನು ಕೊಡಿ, ಅಡ್ಡಹೆಸರಿನ ಜಾಗ ಖಾಲಿ ಬಿಡಿ. ಆಮೇಲೆ ಚರ್ಚಿನ ಪುಸ್ತಕ. ದೀಕ್ಷಾಸ್ನಾನದ ಸಾಲಿನಲ್ಲಿ ಮಗುವಿನ ಅಡ್ಡಹೆಸರು ಇರುವುದೇ ಇಲ್ಲ, ಇಟ್ಟ ಹೆಸರಷ್ಟೇ. ಪಕ್ಕದಲ್ಲಿ ಅಪ್ಪ, ಅಮ್ಮ, ಹೊಲಮನೆ, ಅದರಾಚೆ ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಲ್ಲುವ ನಾಲ್ಕೈದು ಧರ್ಮಪಿತೃಗಳ (ಗಾಡ್‌ಪೇರೆಂಟ್) ಹೆಸರು. ಈ ಕೊನೆಯ ಕಾಲಂ ಅನ್ನು ಓದದೆ ಬಿಡುವವರೇ ಹೆಚ್ಚು, ತಪ್ಪು ಓಲೆಯನ್ನು ತಾತ ಮಾಡಿಕೊಳ್ಳುವವರೂ ಅವರೇ. ಧರ್ಮಪಿತೃಗಳು ಸಾಮಾನ್ಯವಾಗಿ ಚಿಕ್ಕಪ್ಪ, ಸೋದರಮಾವ, ಅತ್ತೆ, ಪಕ್ಕದ ಹೊಲದವರು. ಅವರ ಹೊಲಮನೆಗಳು ಹೊಂದಿದರೆ ಓಲೆ ಸರಿ. ಹದಿನಾಲ್ಕು–ಹದಿನೈದರ ವಯಸ್ಸಿಗೆ ಚರ್ಚಿನಲ್ಲಿ ನಡೆಯುತ್ತಿದ್ದ ದೃಢೀಕರಣ (ಕನ್ಫರ್ಮೇಶನ್) ವಿಧಿಯ ಪುಸ್ತಕವೂ ನೆರವಿಗೆ ಬರುತ್ತದೆ. ಸಿಡುಬಿನ ಲಸಿಕೆ ಇಲ್ಲದೆ ದೃಢೀಕರಣ ಇಲ್ಲ ಎಂಬ 1810ರ ನಿಯಮದಿಂದಾಗಿ ಅದರಲ್ಲಿ ಲಸಿಕೆಯ ತಾರೀಖೂ ಇರುತ್ತದೆ. ಹೆಣ್ಣುಮಕ್ಕಳ ಓಲ್ಸ್‌ದಾತ್ತೆರ್ ಎಂಬುದನ್ನು ಪಾದ್ರಿಗಳು ಮೊಟಕು ಮಾಡಿ ‘ಓಲ್ಸ್‌ದ.’ ಎಂದು ಬರೆದಿರುತ್ತಾರೆ. ಅದನ್ನು ಓಲ್ಸೆನ್ ಎಂದು ಓದಿ ಹೆಣ್ಣನ್ನು ಗಂಡು ಮಾಡಿದ ವಂಶವೃಕ್ಷಗಳಿಗೆ ಲೆಕ್ಕವಿಲ್ಲ.

ಈಗ ಈ ಹೆಸರುಗಳು ಯಾರ ಸ್ವತ್ತೂ ಅಲ್ಲ. ಡೆನ್ಮಾರ್ಕಿನಲ್ಲೂ ಸ್ವೀಡನ್ನಿನಲ್ಲೂ ಸುಮಾರು 2,000 ಜನಕ್ಕಿಂತ ಹೆಚ್ಚು ಮಂದಿಗಿರುವ ಅಡ್ಡಹೆಸರನ್ನು ಯಾರು ಬೇಕಾದರೂ ಅರ್ಜಿ ಹಾಕಿ ಪಡೆಯಬಹುದು. ನಾರ್ವೆಯಲ್ಲಿ 200 ಅಥವಾ ಅದಕ್ಕಿಂತ ಕಡಿಮೆ ಜನಕ್ಕಿರುವ ಹೆಸರಿಗೆ ಮಾತ್ರ ಅವರ ಒಪ್ಪಿಗೆ ಬೇಕು. ಅಂದರೆ ದಾವಣಗೆರೆಯಿಂದ ಹೋಗಿ ಓಸ್ಲೋದಲ್ಲಿ ನೆಲೆಸಿದವರು ನಾಳೆಯೇ ಓಲ್ಸೆನ್ ಆಗಬಹುದು, ಕಾನೂನಿನ ಅಡ್ಡಿಯಿಲ್ಲ.

ಅವರು ಆಗುವುದಿಲ್ಲ, ಆದರೆ ಅವರಿಗೂ ಓಲ್ಸೆನ್‌ಗಾದದ್ದೇ ಆಗುತ್ತಿದೆ. ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳು ಹೆಸರಿನ ಗಡಿಯಲ್ಲಿವೆ. ಹರಿಹರ ದಾಟಿ ರಾಣೆಬೆನ್ನೂರಿನ ಕಡೆ ಹೋದಂತೆ ಅಂಗಡಿ, ಹೂಗಾರ, ಬಡಿಗೇರ ಎಂಬ ಅಡ್ಡಹೆಸರುಗಳು. ಚಳ್ಳಕೆರೆ, ಹಿರಿಯೂರಿನ ಕಡೆ ಬರೀ ಇನಿಷಿಯಲ್. ಅಡ್ಡಹೆಸರಿಲ್ಲದವರು ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂನಲ್ಲಿ ಅಪ್ಪನ ಹೆಸರು ಬರೆಸುತ್ತಾರೆ, ಕೆಲವರು ಊರಿನ ಹೆಸರು, ಕೆಲವರು ಖಾಲಿ. ಏಜೆಂಟ್ ಹೇಳಿದ ಹಾಗೆ ಗಂಡನದ್ದು ಒಂದು, ಹೆಂಡತಿಯದ್ದು ಇನ್ನೊಂದು. ನಾರ್ವೆಯಲ್ಲಿ ಆ ಕಾಲಂನಲ್ಲಿದ್ದದ್ದೇ ಸಂಬಳದ ಚೀಟಿಗೆ, ಮನೆ ಮುಂದಿನ ಟಪಾಲು ಡಬ್ಬಿಗೆ ಬರುತ್ತದೆ. ಟಪಾಲು ಡಬ್ಬಿಯ ಮೇಲೆ ಆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗಬಹುದು. ಮಗು ಹುಟ್ಟಿದರೆ ಆರು ತಿಂಗಳೊಳಗೆ ತಂದೆತಾಯಿ ಅದರ ಹೆಸರು, ಅಡ್ಡಹೆಸರು ಎರಡನ್ನೂ ತೆರಿಗೆ ಇಲಾಖೆಗೆ ತಿಳಿಸಬೇಕು, ಜನರ ನೋಂದಣಿ ಅಲ್ಲಿ ಆ ಇಲಾಖೆಯ ಕೆಲಸ. ತಿಳಿಸದಿದ್ದರೆ ತಾಯಿಯ ಅಡ್ಡಹೆಸರೇ ಮಗುವಿಗೆ. ತಾಯಿಯ ಪಾಸ್‌ಪೋರ್ಟಿನಲ್ಲಿ ಅವಳ ತಂದೆಯ ಹೆಸರು ಆ ಕಾಲಂನಲ್ಲಿದ್ದರೆ ತಾಯಿಯ ತಂದೆಯೇ ಮಗುವಿನ ‘ವಂಶ’ವಾಗಿ ಕೂರುತ್ತಾನೆ. ಆಮೇಲೆ ಭಾರತದ ಪಾಸ್‌ಪೋರ್ಟ್ ಮಾಡಿಸುವಾಗ ಬೇರೆ ಹೆಸರು ಬರೆದರೆ ಎರಡು ದಾಖಲೆ ಹೊಂದುವುದಿಲ್ಲ.

ಆದ್ದರಿಂದ ಆ ಕಡೆ ಹೊರಡುವ ದಂಪತಿ ವೀಸಾಕ್ಕೆ ಕೊಡುವ ಮೊದಲೇ ಇಬ್ಬರ ಪಾಸ್‌ಪೋರ್ಟಿನ ಕೊನೆಯ ಹೆಸರು ಯಾವುದಿರಬೇಕೆಂದು ತೀರ್ಮಾನಿಸಿ, ಬೇಕಿದ್ದರೆ ತಿದ್ದಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಳ್ಳಲಿ. ಖಾಲಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಊರಿನ ಹೆಸರಾದರೂ ಅಡ್ಡಿಯಿಲ್ಲ, ಅಪ್ಪನ ಹೆಸರಾದರೂ ಅಡ್ಡಿಯಿಲ್ಲ, ಮುಂದಿನ ತಲೆಮಾರು ಹೊತ್ತುಕೊಂಡು ತಿರುಗುವಂಥದ್ದಾಗಿರಲಿ. ಅಲ್ಲಿ ಹುಟ್ಟಿದ ಮಗುವಿನ ಅರ್ಜಿಯನ್ನು ಆರನೆಯ ತಿಂಗಳ ತನಕ ಎಳೆಯದೆ ಮೊದಲ ತಿಂಗಳಲ್ಲೇ ಕಳಿಸಲಿ.

ಇಂತಿ,
ನಿಮ್ಮ ಓದುಗ,
ವಿದ್ಯಾನಗರ, ದಾವಣಗೆರೆ