ಮಗಳಿಗೊಂದು ಪತ್ರ: ಎರಡು ನದಿ ಕೂಡುವ ಊರಿನಿಂದ

ಲೋಕೋಜಾ, ಕೋಗಿ ರಾಜ್ಯ, ನೈಜೀರಿಯಾ

ಚಿ. ಪುಟ್ಟಿಗೆ ನಿನ್ನ ಅಪ್ಪನ ಆಶೀರ್ವಾದಗಳು. ಇತ್ತ ಕ್ಷೇಮ.

ನಿನಗೆ ಜಮಖಂಡಿ ತಾಲೂಕಿನ ಹೊಳೆದಂಡೆಯ ಪಂಚಾಯಿತಿಗೆ ವರ್ಗವಾದ ಸುದ್ದಿಯನ್ನು ಅವ್ವ ಹೇಳಿದಳು. ಪಿಡಿಒ ಕೆಲಸ ನಿನಗೆ ಹೊಸದಲ್ಲ, ಹೊಳೆ ಮಾತ್ರ ಹೊಸದು. "ಅಪ್ಪಾ, ನೀ ಇರೋ ಊರಾಗ ಪಂಚಾಯಿತಿ ಅಂತ ಏನರ ಅದೇನು? ಹೊಳಿ ಬಂದ್ರ ಅವ್ರು ಏನ್ ಮಾಡ್ತಾರ?" ಅಂತ ಕೇಳಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅರ್ಧಕ್ಕೇ ನೆಟ್‌ವರ್ಕ್ ಹೋಯಿತು, ಇಲ್ಲಿ ಅದು ದಿನದ ಮಾತು. ಸಿಮೆಂಟ್ ಕಾರ್ಖಾನೆಗೆ ಈ ವಾರ ರಿಪೇರಿ ರಜೆ. ಕೂತು ಬರೆಯುತ್ತಿದ್ದೇನೆ, ಉದ್ದವಾದರೆ ಎರಡು ಸಲಕ್ಕೆ ಓದು.

ಮೊದಲು ಹೊಳೆಯ ವಿಷಯ. ನೈಜರ್ ನದಿ ಹುಟ್ಟುವುದು ಗಿನಿ ದೇಶದ ಗುಡ್ಡಗಳಲ್ಲಿ. ಅಲ್ಲಿಂದ ಅಟ್ಲಾಂಟಿಕ್ ಸಮುದ್ರ ಸುಮಾರು 240 ಕಿಲೋಮೀಟರ್, ಅಷ್ಟೇ. ಆದರೆ ಅದು ಸಮುದ್ರಕ್ಕೆ ಬೆನ್ನು ಹಾಕಿ ಈಶಾನ್ಯಕ್ಕೆ ಹೊರಟು, ಮಾಲಿ ದೇಶವನ್ನು ಹಾದು, ಸಹಾರಾದ ಅಂಚಿನಲ್ಲಿ ಟಿಂಬಕ್ಟು ದಾಟಿದ ಮೇಲೆ ದಕ್ಷಿಣಕ್ಕೆ ಹೊರಳುತ್ತದೆ. ಒಟ್ಟು 4,180 ಕಿಲೋಮೀಟರ್ ನಡೆದು ಅದೇ ಸಮುದ್ರವನ್ನು ಸೇರುತ್ತದೆ. ನಮ್ಮ ಕೃಷ್ಣೆಯೂ ಮಹಾಬಳೇಶ್ವರದಲ್ಲಿ, ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟಿ, ಪೂರ್ವಕ್ಕೆ ಹೊರಟವಳಲ್ಲವೇ? ಆ ಒಂದು ಕಾರಣಕ್ಕೇ ಈ ನದಿ ನನಗೆ ಪರಕೀಯ ಅನಿಸಲಿಲ್ಲ. ಲೋಕೋಜಾದಲ್ಲಿ ಕ್ಯಾಮರೂನ್ ಕಡೆಯಿಂದ ಬರುವ ಬೆನುವೆ ನದಿ ಇದಕ್ಕೆ ಕೂಡುತ್ತದೆ. ಪಟ್ಟಿ ಗುಡ್ಡದ ಮೇಲೆ ನಿಂತರೆ ಎರಡು ಬಣ್ಣದ ನೀರು ಸ್ವಲ್ಪ ದೂರ ಒಂದಕ್ಕೊಂದು ಸೇರದೆ ಪಕ್ಕಪಕ್ಕದಲ್ಲೇ ಹರಿಯುವುದು ಕಾಣುತ್ತದೆ.

ಇಲ್ಲಿನವರಿಗೆ ನೆರೆ ಎಂದರೆ ಎರಡು ಬಗೆ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಈ ಕಡೆಯ ಮಳೆಯ ನೀರು ಮಣ್ಣು ಕಲಸಿಕೊಂಡು ಬರುತ್ತದೆ, ಅದು 'ಬಿಳಿ ನೆರೆ'. ಗಿನಿಯಲ್ಲಿ ಬಿದ್ದ ಮಳೆ ಮಾಲಿಯ ಒಳನಾಡಿನ ದೊಡ್ಡ ಜವುಗಿನಲ್ಲಿ ಹರಡಿ, ಹೂಳನ್ನೆಲ್ಲ ಅಲ್ಲೇ ಬಿಟ್ಟು, ತಿಂಗಳುಗಟ್ಟಲೆ ತಡವಾಗಿ ನೈಜೀರಿಯಾ ಮುಟ್ಟುತ್ತದೆ. ಆಗ ಇಲ್ಲಿ ಬೇಸಿಗೆ ಶುರುವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಅದು 'ಕಪ್ಪು ನೆರೆ'. ಮನೆ ಮುಳುಗಿಸುವುದು ಹೆಚ್ಚಾಗಿ ಮೊದಲನೆಯದೇ, ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ.

2012ರಲ್ಲಿ ಬಂದದ್ದು ದೇಶಕ್ಕೇ ದೊಡ್ಡ ನೆರೆ. ಸರ್ಕಾರದ ಲೆಕ್ಕದಲ್ಲಿ 363 ಜನ ಸತ್ತರು, 21 ಲಕ್ಷ ಜನ ಮನೆ ಬಿಟ್ಟರು. 2022ರಲ್ಲಿ ಮತ್ತೆ ಬಂತು, ಸತ್ತವರು 600 ಮೀರಿದರು. ಆ ಅಕ್ಟೋಬರಿನಲ್ಲಿ ಲೋಕೋಜಾದಿಂದ ರಾಜಧಾನಿ ಅಬುಜಾಕ್ಕೆ ಹೋಗುವ ಹೆದ್ದಾರಿಯೇ ಮುಳುಗಿ, ಪೆಟ್ರೋಲ್ ಟ್ಯಾಂಕರುಗಳು ಸಾಲುಗಟ್ಟಿ ನಿಂತವು. ಅಬುಜಾದ ಬಂಕುಗಳಲ್ಲಿ ಎಣ್ಣೆ ಇಲ್ಲದಂತಾಯಿತು. ಗನಾಜಾ ರಸ್ತೆಯಲ್ಲಿ ಆಟೋ ಓಡುವ ಜಾಗದಲ್ಲಿ ದೋಣಿ ಓಡಿದವು. ಅಂದ ಹಾಗೆ ಇಲ್ಲಿ ಆಟೋಕ್ಕೆ 'ಕೆಕೆ' ಅನ್ನುತ್ತಾರೆ, ಬಹುಪಾಲು ನಮ್ಮ ಬಜಾಜ್ ಗಾಡಿಗಳೇ.

ಮಳೆ ಒಂದೇ ಕಾರಣವಲ್ಲ. ಬೆನುವೆಯ ಮೇಲ್ಭಾಗದಲ್ಲಿ, ಕ್ಯಾಮರೂನ್ ದೇಶದಲ್ಲಿ, ಲಾಗ್ದೋ ಅಣೆಕಟ್ಟು ಇದೆ. 1982ರ ಹೊತ್ತಿಗೆ ಅದು ಮುಗಿಯಿತು. ಅಲ್ಲಿ ತುಂಬಿದ ನೀರು ಬಿಟ್ಟಾಗ ತಡೆದುಕೊಳ್ಳಲು ನೈಜೀರಿಯಾ ತನ್ನ ಕಡೆ ದಾಸಿನ್ ಹೌಸಾ ಎಂಬಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಬೇಕೆಂಬ ಯೋಜನೆ ಆಗಿನದೇ. ಎಷ್ಟೋ ಸರ್ಕಾರಗಳು ಬಂದು ಹೋದವು, ಅದು ಇನ್ನೂ ಕಾಗದದಲ್ಲೇ ಇದೆ. ಕೊಯ್ನಾದಿಂದ ನೀರು ಬಿಟ್ಟರೆ ನಿನ್ನ ದಂಡೆಯ ಜನ ಗಂಟುಮೂಟೆ ಕಟ್ಟುವ ಹಾಗೆ ಲಾಗ್ದೋ ಬಾಗಿಲು ತೆರೆದರೆ ಇಲ್ಲಿ ಅದಾಂಕೋಲೋ, ಕಬಾವಾ, ಗಾದುಮೋ ಬಡಾವಣೆಯವರು ಕಟ್ಟುತ್ತಾರೆ. ನಿನಗೆ ಪಕ್ಕದ ರಾಜ್ಯ, ಇವರಿಗೆ ಪಕ್ಕದ ದೇಶ, ವ್ಯತ್ಯಾಸ ಅಷ್ಟೇ. ಬಾಗಿಲು ತೆರೆಯುವವರಿಗೂ ಮುಳುಗುವವರಿಗೂ ಪರಿಚಯವೇ ಇರುವುದಿಲ್ಲ.

ಇನ್ನು ನಿನ್ನ ಪ್ರಶ್ನೆ. ಇಲ್ಲಿ 'ಲೋಕಲ್ ಗವರ್ನಮೆಂಟ್' ಇದೆ, ದೇಶಕ್ಕೆ 774. ನಮ್ಮ ಹಾಗೆ ಗ್ರಾಮ, ತಾಲೂಕು, ಜಿಲ್ಲೆ ಅಂತ ಮೂರು ಮೆಟ್ಟಿಲಿಲ್ಲ. ಪಟ್ಟಣವೂ ಸುತ್ತಲ ಹಳ್ಳಿಗಳೂ ಒಂದೇ ಕೌನ್ಸಿಲಿನಲ್ಲಿ. ಜನ ನೇರವಾಗಿ ಆರಿಸುವ ಒಬ್ಬ ಚೇರ್ಮನ್, ವಾರ್ಡಿಗೊಬ್ಬ ಕೌನ್ಸಿಲರ್. ಲೋಕೋಜಾ ಲೋಕಲ್ ಗವರ್ನಮೆಂಟಿನಲ್ಲಿ ಈ ಪಟ್ಟಣವೂ ಇದೆ, ಒವೊರೊ, ಕುಪಾ, ಕಕಾಂಡಾ ಕಡೆಯ ಹಳ್ಳಿಗಳೂ ಇವೆ. 1976ರಲ್ಲಿ ಮಿಲಿಟರಿ ಸರ್ಕಾರ ಇಡೀ ದೇಶಕ್ಕೆ ಒಂದೇ ಅಚ್ಚಿನ ಈ ವ್ಯವಸ್ಥೆ ತಂದಿತು. 1999ರ ಸಂವಿಧಾನದ 7ನೇ ವಿಧಿ ಚುನಾಯಿತ ಕೌನ್ಸಿಲಿಗೆ ಖಾತ್ರಿ ಕೊಟ್ಟಿತು.

ಸಂವಿಧಾನದ ನಾಲ್ಕನೇ ಅನುಸೂಚಿಯಲ್ಲಿ ಇವರ ಕೆಲಸಗಳ ಪಟ್ಟಿ ಇದೆ. ನನಗೆ ಬಲು ಇಷ್ಟವಾದ ಪಟ್ಟಿ ಅದು. ಸಂತೆ, ಕಸಾಯಿಖಾನೆ, ಸ್ಮಶಾನ, ಬಸ್ ನಿಲ್ದಾಣ, ಚರಂಡಿ, ಬೀದಿದೀಪ, ಸಾರ್ವಜನಿಕ ಶೌಚಾಲಯ, ಬೀದಿಗೆ ಹೆಸರಿಡುವುದು, ಮನೆಗೆ ನಂಬರ್ ಹಚ್ಚುವುದು, ಹುಟ್ಟು ಸಾವು ಮದುವೆ ಬರೆದಿಡುವುದು. ಸೈಕಲ್ಲಿಗೆ, ತಳ್ಳುಗಾಡಿಗೆ, ದೋಣಿಗೆ ಲೈಸೆನ್ಸ್ ಕೊಡುವುದು ಕೂಡ! ಒಂದು ದೇಶದ ಸಂವಿಧಾನ ಕೂತು ತಳ್ಳುಗಾಡಿಯ ವಿಷಯ ಬರೆದಿದೆ ಅಂದರೆ ಬರೆದವರಿಗೆ ಸಂತೆ ಗೊತ್ತಿತ್ತು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರಗಳಲ್ಲಿ ರಾಜ್ಯದ ಜೊತೆ ಇವರಿಗೂ ಪಾಲಿದೆ.

ಹಾಗಾದರೆ ತೊಂದರೆ ಎಲ್ಲಿ? ರೊಕ್ಕದಲ್ಲಿ. ಎಣ್ಣೆ ಮಾರಿ, ತೆರಿಗೆ ಎತ್ತಿ ಬಂದ ರೊಕ್ಕ ಕೇಂದ್ರದ ಒಂದು ಖಾತೆಗೆ ಬೀಳುತ್ತದೆ. ಅದರಲ್ಲಿ ಕೇಂದ್ರಕ್ಕೆ 52.68%, ರಾಜ್ಯಗಳಿಗೆ 26.72%, ಲೋಕಲ್ ಗವರ್ನಮೆಂಟುಗಳಿಗೆ 20.60%. ಕೇಳಲು ಚಂದ. ನಮ್ಮ ಯಾವ ಪಂಚಾಯಿತಿಯೂ ಇಂಥ ಪಾಲನ್ನು ಕನಸಿನಲ್ಲಿ ಕೂಡ ಕಂಡಿಲ್ಲ. ಆದರೆ 162ನೇ ವಿಧಿ, ಆ ಪಾಲು ಮೊದಲು ರಾಜ್ಯ ನಡೆಸುವ 'ಜಂಟಿ ಖಾತೆ'ಗೆ ಹೋಗಲಿ ಅಂದಿತು. ಅಲ್ಲಿಂದ ಮಾಸ್ತರರ ಪಗಾರ, ಪಿಂಚಣಿ, ಇನ್ನೇನೇನೋ ಕಡಿತವಾಗಿ ಉಳಿದದ್ದು ಕೌನ್ಸಿಲಿಗೆ. ಗವರ್ನರ್ (ಇಲ್ಲಿ ಆತ ಜನ ಆರಿಸಿದ, ರಾಜ್ಯ ನಡೆಸುವ ಮುಖ್ಯಸ್ಥ) ಮನಸ್ಸು ಮಾಡಿದರೆ ಕೌನ್ಸಿಲನ್ನೇ ವಿಸರ್ಜಿಸಿ ತನ್ನವರ 'ಕೇರ್‌ಟೇಕರ್ ಕಮಿಟಿ' ಕೂಡಿಸುವುದು ಎಷ್ಟೋ ರಾಜ್ಯಗಳಲ್ಲಿ ರೂಢಿಯೇ ಆಗಿತ್ತು. ಕೋಗಿಯಲ್ಲಿ ಲೋಕಲ್ ಗವರ್ನಮೆಂಟ್ ನೌಕರರೂ ಮಾಸ್ತರರೂ ವರ್ಷಗಟ್ಟಲೆ ಅರ್ಧ, ಕಾಲು ಪಗಾರದಲ್ಲಿ ದಿನ ತಳ್ಳಿದ್ದಾರೆ. 'ಪರ್ಸೆಂಟೇಜ್ ಸ್ಯಾಲರಿ' ಅನ್ನುವ ಮಾತು ಇಲ್ಲಿ ಮಕ್ಕಳಿಗೂ ಗೊತ್ತು.

ನಗಬೇಡ, ನಮ್ಮದೇನು ಬಹಳ ಬೇರೆಯಲ್ಲ. 2020ರ ಸೆಪ್ಟೆಂಬರಿನಿಂದ ಬೆಂಗಳೂರು ಪಾಲಿಕೆಯನ್ನು ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಜಿಲ್ಲಾ ಪಂಚಾಯಿತಿ ಚುನಾವಣೆ 2021ರಿಂದ ಮುಂದಕ್ಕೇ ಹೋಯಿತು. ಹೆಸರು ಬೇರೆ, ಕುರ್ಚಿ ಅದೇ.

ಈ ಕುರ್ಚಿಯ ಹಿಂದೆ ಒಂದು ಹಳೆಯ ಕತೆಯಿದೆ, ಅದೂ ಇದೇ ಊರಿನದು. ಬ್ರಿಟಿಷರು ನದಿಯಲ್ಲಿ ಹಡಗು ತಂದು ಇಲ್ಲಿಗೆ ವ್ಯಾಪಾರಕ್ಕೆ ಬಂದರು. 1841ರಲ್ಲಿ ಬಂದ ದೊಡ್ಡ ತಂಡದಲ್ಲಿ ಎಷ್ಟೋ ಜನ ಮಲೇರಿಯಾಕ್ಕೆ ಸತ್ತರು. 1854ರಲ್ಲಿ ಬೈಕಿ ಎಂಬ ವೈದ್ಯ ತನ್ನ ತಂಡಕ್ಕೆ ಕ್ವಿನೈನ್ ಕೊಟ್ಟು ಕರೆತಂದ, ಒಬ್ಬರೂ ಸಾಯಲಿಲ್ಲ. ಲೋಕೋಜಾದ ನೆಲೆ ಕಟ್ಟಿದವನೂ ಅವನೇ. 1900ರ ಜನವರಿ 1ರಂದು ಲುಗಾರ್ಡ್ ಎಂಬಾತ ಇಲ್ಲಿ ಬ್ರಿಟಿಷ್ ಬಾವುಟ ಏರಿಸಿ ಉತ್ತರ ನೈಜೀರಿಯಾ ನಮ್ಮದು ಅಂದ. ಆತ ಹುಟ್ಟಿದ್ದು ಮದರಾಸಿನಲ್ಲಿ, 1858ರಲ್ಲಿ, ಗೊತ್ತೇ? ಅಷ್ಟು ದೊಡ್ಡ ಸೀಮೆ ಆಳಲು ಅವನ ಬಳಿ ಬೆರಳೆಣಿಕೆಯ ಬಿಳಿಯರಿದ್ದರು. ಹಾಗಾಗಿ ಅಲ್ಲಿನ ಮುಸ್ಲಿಂ ದೊರೆಗಳಾದ ಎಮಿರರನ್ನು ಗಾದಿಯಲ್ಲೇ ಇರಿಸಿ, ಪಕ್ಕದಲ್ಲಿ ಒಬ್ಬ ರೆಸಿಡೆಂಟನನ್ನು ಕೂಡಿಸಿ, ಅವರ ಕೈಯಿಂದಲೇ ಆಳಿಸಿದ. ನಮ್ಮ ಮೈಸೂರು, ಜಮಖಂಡಿ ಸಂಸ್ಥಾನಗಳ ಪಕ್ಕ ಕೂತ ರೆಸಿಡೆಂಟರು, ಏಜೆಂಟರನ್ನು ನೆನಪಿಸಿಕೋ. ಆ ಕಾಲದ 'ನೇಟಿವ್ ಅಥಾರಿಟಿ'ಗಳಿಗೆ ಸ್ವಂತ ಖಜಾನೆ ಇತ್ತು, ಎತ್ತಿದ ಕಂದಾಯದ ಒಂದು ಪಾಲು ಅಲ್ಲೇ ಉಳಿಯುತ್ತಿತ್ತು. ಆದರೆ ರೆಸಿಡೆಂಟ್ ನೋಡದೆ ಕಾಸು ಕದಲುತ್ತಿರಲಿಲ್ಲ. ಸ್ಥಳೀಯ ಆಡಳಿತ ಎಂದರೆ ಮೇಲಿನವನ ಕೈ ಹಿಡಿದು ಸಹಿ ಮಾಡುವುದು ಅನ್ನುವ ಅಭ್ಯಾಸ ಆಗಲೇ ಬಿತ್ತು ಅಂತ ನನಗೆ ಅನಿಸುತ್ತದೆ. ಲುಗಾರ್ಡ್ ಹೋದ, ಅಭ್ಯಾಸ ಉಳಿಯಿತು.

2024ರ ಜುಲೈ 11ರಂದು ಇಲ್ಲಿನ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರವೇ 36 ರಾಜ್ಯಗಳ ಮೇಲೆ ಹೂಡಿದ ದಾವೆ ಅದು. ಲೋಕಲ್ ಗವರ್ನಮೆಂಟಿನ ರೊಕ್ಕವನ್ನು ರಾಜ್ಯ ಇಟ್ಟುಕೊಳ್ಳುವಂತಿಲ್ಲ, ನೇರ ಕೊಡಬಹುದು. ಚುನಾಯಿತವಲ್ಲದ ಕಮಿಟಿಗೆ ಕಾಸು ಕೊಡಕೂಡದು ಅಂದಿತು. ನಮ್ಮ ಕ್ಯಾಂಟೀನಿನಲ್ಲಿ ಆ ದಿನ ಹಬ್ಬ! ಆಮೇಲೆ ಏನಾಯಿತು? ಕಾಸು ನಿಲ್ಲುತ್ತದೆಂಬ ಹೆದರಿಕೆಗೆ ಎಷ್ಟೋ ವರ್ಷ ಚುನಾವಣೆಯ ಹೆಸರೆತ್ತದ ರಾಜ್ಯಗಳೂ ಗಡಿಬಿಡಿಯಲ್ಲಿ ಚುನಾವಣೆ ನಡೆಸಿದವು. ಕೋಗಿಯಲ್ಲಿ ಅಕ್ಟೋಬರಿನಲ್ಲಿ ನಡೆಯಿತು, 21ಕ್ಕೆ 21 ಚೇರ್ಮನ್‌ಗಿರಿಯೂ ಆಳುವ ಪಕ್ಷಕ್ಕೇ. ಚುನಾವಣೆ ನಡೆಸುವ ಆಯೋಗ ರಾಜ್ಯದ್ದೇ ಆದರೆ ಬಹುತೇಕ ಕಡೆ ಫಲಿತಾಂಶ ಹೀಗೇ. ರೊಕ್ಕ ನೇರ ಕೈಗೆ ಬರುವುದು ತೀರ್ಪಿನ ಮರುದಿನದಿಂದಲೇ ಆಗಲಿಲ್ಲ, ಮುಂದಕ್ಕೆ ಹೋಗುತ್ತಲೇ ಇತ್ತು. ಕೋರ್ಟು ಖಾತೆಯನ್ನು ಬಿಡಿಸಬಹುದು, ಚೇರ್ಮನ್‌ನನ್ನು ಯಾರು ಬಿಡಿಸಬೇಕು ಅಂತ ನಮ್ಮ ವೆಲ್ಡರ್ ಕೇಳಿದ. ಇಲ್ಲಿನ ಎಬಿರಾ ಜನಾಂಗದ ಮನುಷ್ಯ, ಮಾತು ಕಡಿಮೆ, ಆಡಿದ್ದು ಹರಿತ.

ರೊಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಒಂದು ಸರ್ಟಿಫಿಕೇಟು. ಈ ಭಾಗದಲ್ಲಿ ಇಗಾಲಾ, ಎಬಿರಾ, ಯೊರುಬಾ, ನೂಪೆ, ಹೌಸಾ ಎಲ್ಲ ಮಾತಿನವರೂ ಇದ್ದಾರೆ. ನದಿ ಕೂಡುವಲ್ಲಿ ಜನ ಕೂಡಲೇಬೇಕು. ಆದರೆ ಕಾಲೇಜು ಸೀಟಿಗೆ, ಸರ್ಕಾರಿ ಕೆಲಸಕ್ಕೆ ಕೇಳುವುದು 'ಇಂಡಿಜಿನ್ ಸರ್ಟಿಫಿಕೇಟ್'. ಅದನ್ನು ಕೊಡುವುದು ಲೋಕಲ್ ಗವರ್ನಮೆಂಟು. ನೀನು ಎಲ್ಲಿ ಹುಟ್ಟಿದೆ, ಎಲ್ಲಿ ತೆರಿಗೆ ಕಟ್ಟಿದೆ ಅನ್ನುವುದು ಲೆಕ್ಕಕ್ಕಿಲ್ಲ. ನಿನ್ನ ಅಪ್ಪನ ಮೂಲ ಊರು ಯಾವುದು ಅನ್ನುವುದೇ ಲೆಕ್ಕ. ಮೂರು ತಲೆಮಾರು ಲೋಕೋಜಾದಲ್ಲೇ ಮೀನು ಮಾರಿದ ಮನೆಯ ಹುಡುಗಿಯೂ, ಅಜ್ಜ ಬೇರೆ ಕಡೆಯಿಂದ ಬಂದವನಾದರೆ, ತಾನು ಕಣ್ಣಲ್ಲೇ ನೋಡದ ಊರಿಗೆ ಹೋಗಿ ಕಾಗದ ತರಬೇಕು. ಅವಳ ಮನೆ ಮುಳುಗುವುದು ಮಾತ್ರ ಇಲ್ಲಿ. ಪರಿಹಾರದ ಪಟ್ಟಿ ಬರೆಯುವಾಗ, ಬರೆಯುವವನ ತಲೆಯಲ್ಲಿ ಈ 'ಮೂಲದವರು, ಬಂದವರು' ಅನ್ನುವ ಗೆರೆ ಇರುವುದಿಲ್ಲ ಅಂತ ನಾನು ನಂಬಲಾರೆ.

ನಾನು ಇದನ್ನೆಲ್ಲ ಬರೆದದ್ದು ಈ ಪರಿಹಾರದ ಪಟ್ಟಿಯ ಸಲುವಾಗಿಯೇ. ನಿನ್ನ ಕೈಯಲ್ಲಿ ರೊಕ್ಕ ಎಷ್ಟು ಇರುತ್ತದೆ ಅಂತ ನನಗೆ ಗೊತ್ತಿದೆ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲೂ 60% ನೀರು, ನೈರ್ಮಲ್ಯಕ್ಕೇ ಅಂತ ಗೂಟ ಹೊಡೆದು ಕೊಟ್ಟಿದ್ದರು. ನೆರೆ ಪರಿಹಾರ ತಹಸೀಲ್ದಾರರ ಕಡೆಯ ಕೆಲಸ. ಆದರೆ ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ತಹಸೀಲ್ದಾರರಿಗೆ ಗೊತ್ತಿರುವುದಿಲ್ಲ, ನಿನಗೆ ಗೊತ್ತಿರುತ್ತದೆ, ಗೊತ್ತಿರಬೇಕು. 2022ರಲ್ಲಿ ಇಲ್ಲಿನ ಶಾಲೆಗಳಲ್ಲಿ ಜನರನ್ನು ತುಂಬಿದಾಗ ಮೊದಲ ಜಗಳ ಅಕ್ಕಿಯದಲ್ಲ, ಹೆಸರಿನದು.

ಮಳೆಗಾಲಕ್ಕೆ ಮುಂಚೆ ದಂಡೆಯ ಮನೆಗಳನ್ನು ಒಮ್ಮೆ ನಡೆದು ನೋಡು. ಬಾಡಿಗೆಗೆ ಇರುವವರು, ತೋಟದ ಮನೆಯ ಆಳುಗಳು, ಕುರಿ ಹೊಡೆದುಕೊಂಡು ಬಂದು ತಂಗಿದವರು, ಇವರ ಹೆಸರು ನಿನ್ನ ತೆರಿಗೆ ರಿಜಿಸ್ಟರಿನಲ್ಲಿ ಇರುವುದಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆದಿಡು. 2009ರ ನೆರೆಯ ನಂತರ ಕಟ್ಟಿದ 'ಆಸರೆ' ಮನೆಗಳು ನಿನ್ನ ಹದ್ದಿನಲ್ಲಿ ಇದ್ದರೆ, ಯಾರು ಅಲ್ಲಿ ಇದ್ದಾರೆ, ಯಾರು ಹಳೇ ಊರಿಗೇ ವಾಪಸು ಬಂದಿದ್ದಾರೆ ಅಂತ ಕೇಳು. ಬಂದವರನ್ನು ಬೈಯಬೇಡ. ಇಲ್ಲಿ ನೆರೆ ಇಳಿದ ಮೇಲೆ ದಂಡೆಯ ಹಸಿ ಮಣ್ಣಿನಲ್ಲಿ, 'ಫದಾಮಾ' ಅನ್ನುತ್ತಾರೆ, ಬೇಸಿಗೆಯ ಭತ್ತ, ತರಕಾರಿ ಎರಡೂ ಬರುತ್ತವೆ. ಗುಡ್ಡದ ಮೇಲೆ ಮನೆ ಕೊಟ್ಟರೆ ಹೊಲಕ್ಕೆ, ಬಲೆಗೆ ದಿನಾ ಇಳಿದು ಬರಬೇಕು. ಅವರು ಹೊಳೆಯ ಹತ್ತಿರ ಇರುವುದು ಹಟಕ್ಕಲ್ಲ, ಹೊಟ್ಟೆಗೆ.

ಒಂದು ವಿಷಯ ತಪ್ಪದೆ ತಿಳಿಸು. ಕೊಯ್ನಾದಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವ ಸುದ್ದಿ ನಿನಗೆ ಯಾರ ಮೂಲಕ ಬರುತ್ತದೆ? ತಾಲೂಕು ಕಚೇರಿಯಿಂದಲೋ, ವಾಟ್ಸಾಪಿನಲ್ಲಿ ಸಾಂಗ್ಲಿಯವರಿಂದಲೋ? ಇಲ್ಲಿ ಕೇಂದ್ರದ ಜಲವಿಜ್ಞಾನ ಇಲಾಖೆ ಲೋಕೋಜಾದ ಅಳತೆಗೋಲು ನೋಡುತ್ತದೆ, ವರ್ಷಕ್ಕೊಮ್ಮೆ ನೆರೆ ಮುನ್ಸೂಚನೆಯ ದಪ್ಪ ವರದಿಯನ್ನೂ ಹೊರಡಿಸುತ್ತದೆ. ಅದು ಗನಾಜಾದ ಮೀನು ಮಾರುವವಳಿಗೆ ಮುಟ್ಟುವುದು ಮಸೀದಿ, ಚರ್ಚಿನ ಮೈಕಿನಿಂದ. ನಿನ್ನಲ್ಲಿ ಡಂಗುರ ಸಾರುವವರು ಇನ್ನೂ ಇದ್ದಾರೋ, ಕಸದ ಗಾಡಿಯ ಮೈಕು ಇದೆಯೋ ಬರಿ.

ಅವ್ವನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ರಜೆಗೆ ಹೊರಟ ಗೆಳೆಯರ ಕೈಯಲ್ಲಿದೆ. ಬಾಗಲಕೋಟೆ ಬಸ್ ನಿಲ್ದಾಣಕ್ಕೆ ಬಂದಾಗ ಫೋನ್ ಮಾಡುತ್ತಾರೆ.

ನಿನ್ನ ಅಪ್ಪ