ಪುಟ್ಟನ ಮಂಡಿ ವಿಷಯ

ಮೈಂಟ್ಸ್, ಜರ್ಮನಿ, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಲ್ಲಿ ನೀವೆಲ್ಲರೂ ಕ್ಷೇಮ ಎಂದು ನಂಬಿದ್ದೇನೆ. ಅಮ್ಮನಿಗೆ ಶುಗರ್ ಮಾತ್ರೆ ತಪ್ಪಿಸಬೇಡ ಅನ್ನಿ. ಶ್ರೀಧರ ಮಾವನ ಮನೆ ಗೃಹಪ್ರವೇಶದ ಫೋಟೋ ಬಂತು. ಊಟಕ್ಕೆ ಏನೇನಿತ್ತು ಅಂತ ಮಾತ್ರ ಯಾರೂ ಹೇಳಲಿಲ್ಲ.

ನಿಮ್ಮ ಕಾಗದ ಓದಿದೆ. ಫೋನಿನಲ್ಲಿ ಉತ್ತರ ಹೇಳೋಣ ಅಂದರೆ ನೀವು ಅರ್ಧಕ್ಕೇ "ಸರಿ ಸರಿ, ಅಮ್ಮನಿಗೆ ಕೊಡ್ತೀನಿ" ಅಂತೀರಿ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ಮೊದಲನೇ ಮಾತು, ಎಫ್‌ಡಿ ಮುರಿಸಬೇಡಿ. ಮೂರು ಲಕ್ಷ ಕೊಟ್ಟರೆ ಪುಟ್ಟನಿಗೆ ಕೆಲಸ ಗ್ಯಾರಂಟಿ ಅಂದರಂತಲ್ಲ ಆ ಪರಿಚಯದವರು, ದುಡ್ಡಿಗೆ ರಸೀದಿ ಕೊಡ್ತಾರಾ? ಕೊಡೋಲ್ಲ ತಾನೆ? ಇಷ್ಟು ವರ್ಷ ಬ್ಯಾಂಕಿನಲ್ಲಿ ಕೂತು ಊರವರ ಸಾಲದ ಅರ್ಜಿಗಳನ್ನೆಲ್ಲ ಜಾಲಾಡಿದವರು ನೀವು. ನಿಮ್ಮ ಮಗನ ವಿಷಯ ಬಂದಾಗ ಹೀಗೆ ಕಣ್ಣು ಮುಚ್ಚಿ ಸಹಿ ಹಾಕೋದಾ?

ನಿಮ್ಮ ಸಂಕಟ ನನಗೆ ಅರ್ಥವಾಗದೆ ಇಲ್ಲ. ಬಿ.ಕಾಂ.ನಲ್ಲಿ ಎರಡು ಸಬ್ಜೆಕ್ಟ್ ಬಾಕಿ ಇದೆ. ಆಪರೇಷನ್ ಆದಮೇಲೂ ಮಂಡಿ ಸರಿಹೋಗಿಲ್ಲ. ಇನ್ನು ಆಟ ಬೇಡ ಅಂತ ಡಾಕ್ಟರೇ ಹೇಳಿದ್ದಾರೆ. ಇಷ್ಟಾದರೂ ಹುಡುಗ ಫುಟ್‌ಬಾಲ್ ಕೋಚ್ ಆಗ್ತೀನಿ ಅಂತ ಕೂತಿದ್ದಾನೆ. "ಆಡೋಕೇ ಆಗದವನು ಇನ್ನೊಬ್ಬರಿಗೆ ಏನು ಕಲಿಸ್ತಾನೆ?" ಅಂತ ಬರೆದಿದ್ದೀರಿ. ಈ ಪ್ರಶ್ನೆಗೆ ಉತ್ತರ ನಾನಿರುವ ಊರಲ್ಲೇ ಇದೆ, ಕೇಳಿ.

ಥಾಮಸ್ ಟುಕೆಲ್ ಅಂತ ಒಬ್ಬರಿದ್ದಾರೆ. ಪುಟ್ಟನಿಗೆ ಗೊತ್ತು, ನಿಮಗೆ ಗೊತ್ತಿರಲಿಕ್ಕಿಲ್ಲ. 2025ರ ಜನವರಿಯಿಂದ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಕೋಚ್. ಇಂಗ್ಲಿಷರು ಒಬ್ಬ ಜರ್ಮನ್ನನ್ನು ಕರೆದು ತಮ್ಮ ತಂಡ ಒಪ್ಪಿಸಿದ್ದಾರೆ ಅಂದರೆ ಸಣ್ಣ ಮಾತಲ್ಲ, ಅಲ್ವಾ? ಆದರೆ ಆಟಗಾರನಾಗಿ ಈತನ ಹೆಸರು ಯಾರೂ ಕೇಳಿರಲಿಲ್ಲ. ಹುಟ್ಟಿದ್ದು 1973ರಲ್ಲಿ, ಬವೇರಿಯಾದ ಕ್ರುಂಬಾಖ್ ಅನ್ನುವ ಚಿಕ್ಕ ಊರಲ್ಲಿ. ಅಲ್ಲಿನ ಕ್ಲಬ್ಬಿನಲ್ಲಿ ಕೋಚ್ ಆಗಿದ್ದವರು ಸ್ವಂತ ಅಪ್ಪನೇ. (ನೀವು ಪುಟ್ಟನ ಮ್ಯಾಚಿಗೆ ಒಂದು ದಿನವೂ ಹೋಗಿಲ್ಲ. ಸುಮ್ನೆ ಜ್ಞಾಪಿಸಿದೆ.) ಮುಂದೆ ಸ್ಟುಟ್‌ಗಾರ್ಟರ್ ಕಿಕರ್ಸ್ ತಂಡದಲ್ಲಿ ಡಿಫೆಂಡರ್. ಅದೂ ಎರಡನೇ ದರ್ಜೆಯ ಲೀಗ್, ಆಡಿದ್ದು ಎಂಟೇ ಎಂಟು ಪಂದ್ಯ. ಅಲ್ಲಿಂದ ಬಿಟ್ಟು 1994ರಲ್ಲಿ ಉಲ್ಮ್ ಊರಿನ ತಂಡಕ್ಕೆ, ಇನ್ನೂ ಒಂದು ದರ್ಜೆ ಕೆಳಗೆ. 1998ರಲ್ಲಿ ಮಂಡಿಯ ಕಾರ್ಟಿಲೇಜ್ ಹಾಳಾಗಿ ಆಟವೇ ನಿಂತುಹೋಯಿತು. ಆಗ ವಯಸ್ಸು 25.

ಆಮೇಲೆ ಏನು ಮಾಡಿದರು ಅನ್ನೋದು ಮುಖ್ಯ. ಕಾಲೇಜಿನಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಓದಿದರು. ಖರ್ಚಿಗೆ ಸ್ಟುಟ್‌ಗಾರ್ಟ್‌ನ ಒಂದು ಬಾರ್‌ನಲ್ಲಿ ಕೆಲಸಕ್ಕೆ ನಿಂತರು. ಬಾರ್ ಅಂದ ಕೂಡಲೇ ಮುಖ ಗಂಟು ಹಾಕಬೇಡಿ. ಇಲ್ಲಿ ಓದುವ ಮಕ್ಕಳು ಹೋಟೆಲ್ಲಿನಲ್ಲಿ ತಟ್ಟೆ ಎತ್ತುವುದು ಮಾಮೂಲಿ. ನಮ್ಮ ಆಫೀಸಿನ ದೊಡ್ಡ ಬಾಸ್ ಮಗಳೇ ಭಾನುವಾರ ಬೆಳಗ್ಗೆ ಬೇಕರಿಯಲ್ಲಿ ಬ್ರೆಡ್ ಮಾರುತ್ತಾಳೆ. ಅವರಮ್ಮ ಅದನ್ನು ನಮ್ಮೆಲ್ಲರ ಹತ್ತಿರ ಜಂಬದಿಂದ ಹೇಳಿಕೊಳ್ಳುತ್ತಾರೆ.

ಉಲ್ಮ್‌ನಲ್ಲಿ ಟುಕೆಲ್‌ಗೆ ಕೋಚ್ ಆಗಿದ್ದ ರಾಲ್ಫ್ ರಾಂಗ್ನಿಕ್ ಆಮೇಲೆ ವಿಎಫ್‌ಬಿ ಸ್ಟುಟ್‌ಗಾರ್ಟ್ ಅನ್ನುವ ಕ್ಲಬ್ ಸೇರಿದ್ದರು. 2000ದಲ್ಲಿ ಅವರೇ ಕರೆದು ಹುಡುಗರ ತಂಡವನ್ನು ಕೈಗೆ ಕೊಟ್ಟರು. 2005ರಲ್ಲಿ ಸ್ಟುಟ್‌ಗಾರ್ಟ್‌ನ 19 ವರ್ಷದೊಳಗಿನ ತಂಡ ಜರ್ಮನಿಗೇ ಚಾಂಪಿಯನ್. ಅಲ್ಲಿಂದ ಔಗ್ಸ್‌ಬರ್ಗ್, 2008ರಲ್ಲಿ ನಮ್ಮ ಮೈಂಟ್ಸ್. ಇಲ್ಲೂ ಅದೇ ವಯಸ್ಸಿನ ಹುಡುಗರು, 2009ರಲ್ಲಿ ಮತ್ತೆ ಚಾಂಪಿಯನ್. ಆ ಆಗಸ್ಟ್‌ನಲ್ಲಿ ಲೀಗ್ ಶುರುವಾಗೋಕೆ ಇನ್ನೇನು ಕೆಲವೇ ದಿನ ಇದ್ದಾಗ ಮೈಂಟ್ಸ್‌ನವರು ದೊಡ್ಡ ತಂಡದ ಕೋಚ್‌ನನ್ನು ಮನೆಗೆ ಕಳಿಸಿ ಇವರನ್ನು ಕೂರಿಸಿದರು. ದೊಡ್ಡ ಲೀಗಿನಲ್ಲಿ ಒಂದು ಪಂದ್ಯ ಆಡಿದವರಲ್ಲ, ಒಂದು ಪಂದ್ಯಕ್ಕೆ ಕೋಚ್ ಆದವರೂ ಅಲ್ಲ.

ನನಗೆ ಇದನ್ನೆಲ್ಲ ಹೇಳಿದ್ದು ಕೆಳಗಿನ ಮನೆ ತಾತ. ಮ್ಯಾಚ್ ಇದ್ದ ದಿನ ಕೆಂಪು ಮಫ್ಲರ್ ಸುತ್ತಿಕೊಂಡು ಹೋಗುವವರು, ಹಿಂದೊಮ್ಮೆ ನಿಮಗೆ ಬರೆದಿದ್ದೆ. ಪುಟ್ಟನ ಕಥೆ ಹೇಳಿದೆ. ನನ್ನ ಜರ್ಮನ್‌ನಲ್ಲಿ ಮಂಡಿ ಹೋಗಿ ಮೊಣಕೈ ಆಯಿತೋ ಏನೋ, ಅಂತೂ ಅರ್ಥ ಮಾಡಿಕೊಂಡರು. ಕಾಫಿ ಜೊತೆ ಇಟ್ಟಿದ್ದ ಟಿಶ್ಯೂ ಪೇಪರಿನ ಮೇಲೆ ಪೆನ್ನಿನಲ್ಲಿ ಮೈದಾನ ಬರೆದರು. ಎರಡು ಗೋಲು, ನಡುವೆ ವೃತ್ತ. ಆಮೇಲೆ ಅದರ ನಾಲ್ಕೂ ಮೂಲೆಗಳನ್ನು ಹರಿದು ತಟ್ಟೆಯೊಳಗೆ ಹಾಕಿ, "ಈಗ ಗೆರೆ ಪಕ್ಕದಲ್ಲೇ ಚೆಂಡನ್ನು ಉದ್ದಕ್ಕೆ ಕೊಡು ನೋಡೋಣ" ಅಂದರು. ಕೊಡೋಕೆ ಜಾಗವೇ ಇರಲಿಲ್ಲ. ಟುಕೆಲ್ ಪ್ರಾಕ್ಟೀಸಿನಲ್ಲಿ ಹೀಗೇ ಮೈದಾನದ ಮೂಲೆ ಕತ್ತರಿಸುತ್ತಿದ್ದರಂತೆ. ಓರೆಯಾಗಿ ಪಾಸ್ ಕೊಡಿ ಅಂತ ದಿನಾ ಕೂಗುವ ಬದಲು, ಓರೆಯಾಗಿ ಕೊಡದೆ ಬೇರೆ ದಾರಿಯೇ ಇಲ್ಲದ ಹಾಗೆ ಮಾಡಿಬಿಡೋದು. ಡಿಫೆಂಡರ್‌ಗಳು ಎದುರಾಳಿಯ ಅಂಗಿ ಹಿಡಿದು ಎಳೆಯಬಾರದು ಅಂತ ಎರಡೂ ಕೈಗೆ ಒಂದೊಂದು ಟೆನಿಸ್ ಚೆಂಡು ಕೊಟ್ಟು ಆಡಿಸಿದ್ದೂ ಉಂಟು. ಅಪ್ಪಾ, ಇದಕ್ಕೆ ಮಂಡಿ ಬೇಕಾ? ತಲೆ ಬೇಕು. ಪುಟ್ಟ ಮ್ಯಾಚ್ ನೋಡುತ್ತಾ ಟಿವಿ ನಿಲ್ಲಿಸಿ ನಿಲ್ಲಿಸಿ ಅಮ್ಮನಿಗೆ ವಿವರಿಸ್ತಾನಲ್ಲ, ಅಮ್ಮ ಬೀನ್ಸ್ ಬಿಡಿಸುತ್ತಾ ಹೂಂಗುಟ್ಟುತ್ತಾಳಲ್ಲ, ಅದೇ ಈ ಕೆಲಸ.

2010ರಲ್ಲಿ ಈ ಪುಟಾಣಿ ಕ್ಲಬ್ಬು ಮೊದಲ ಏಳು ಪಂದ್ಯಗಳನ್ನೂ ಗೆದ್ದಿತು. ಅದರಲ್ಲಿ ಬಾಯರ್ನ್ ಮ್ಯೂನಿಕ್ ತಂಡವನ್ನು ಅವರ ಊರಲ್ಲೇ 2-1ರಿಂದ ಸೋಲಿಸಿದ್ದೂ ಸೇರಿತು. ಗೋಲು ಹೊಡೆದ ಹುಡುಗರು ಮೂಲೆಯ ಬಾವುಟದ ಹತ್ತಿರ ಓಡಿಹೋಗಿ ಗಾಳಿಯಲ್ಲೇ ಗಿಟಾರ್ ಬಾರಿಸುತ್ತಿದ್ದರಂತೆ. ತಾತ ಎದ್ದು ನಿಂತು ಮಾಡಿ ತೋರಿಸಿದರು, ಸೊಂಟ ಹಿಡಿದುಕೊಂಡಿತು. ಆ ವರ್ಷ ಮೈಂಟ್ಸ್‌ಗೆ ಐದನೇ ಸ್ಥಾನ. ಈ ಊರವರು ಹಾಗೇ. ನವೆಂಬರ್ 11ರಂದು ಬೆಳಗ್ಗೆ 11 ಗಂಟೆ 11 ನಿಮಿಷಕ್ಕೆ ಸರಿಯಾಗಿ ಚೌಕದಲ್ಲಿ ಸೇರಿ ಕಾರ್ನಿವಲ್ ಶುರು ಮಾಡ್ತಾರೆ. ನಮ್ಮ ಲೆಕ್ಕಪತ್ರದವರು ಜೇನುನೊಣದ ವೇಷದಲ್ಲೇ ಆಫೀಸಿಗೆ ಬಂದು ಸಂಬಳದ ಚೀಟಿ ಹಂಚಿದರು. ಸ್ಟೇಡಿಯಂನಲ್ಲಿ ಮೈಂಟ್ಸ್ ಗೋಲು ಹೊಡೆದರೂ ಕಾರ್ನಿವಲ್ ವಾದ್ಯವೇ. ಆದರೆ ಭಾನುವಾರ ಗೋಡೆಗೆ ಒಂದು ಮೊಳೆ ಹೊಡೆದರೆ ಪಕ್ಕದ ಮನೆಯವರು ಬಂದು ಬೆಲ್ ಮಾಡ್ತಾರೆ!

ನೀವು ಕೇಳೋದು ಗೊತ್ತು, ಆ ಕೆಲಸ ಪರ್ಮನೆಂಟಾ? ಅಲ್ಲ. ಮೈಂಟ್ಸ್‌ನಲ್ಲಿ ಐದು ವರ್ಷ ಇದ್ದು 2014ರಲ್ಲಿ ತಾವೇ ಬಿಟ್ಟರು. ಆಮೇಲೆ ಡಾರ್ಟ್‌ಮಂಡ್, ಅಲ್ಲಿ ಕಪ್ ಗೆದ್ದ ಕೆಲವೇ ದಿನಕ್ಕೆ ಕೆಲಸ ಹೋಯಿತು. ಆಮೇಲೆ ಸೇರಿದ ಪ್ಯಾರಿಸ್ ಕ್ಲಬ್ಬಿನವರು 2020ರ ಡಿಸೆಂಬರ್ 24ರಂದು ತೆಗೆದುಹಾಕಿದರು, ಕ್ರಿಸ್‌ಮಸ್ ಹಿಂದಿನ ದಿನ. ಮುಂದಿನ ತಿಂಗಳೇ ಲಂಡನ್ನಿನ ಚೆಲ್ಸಿ ಕರೆಯಿತು. ಆಗ ಆ ತಂಡ ಒಂಬತ್ತನೇ ಸ್ಥಾನದಲ್ಲಿ ಒದ್ದಾಡುತ್ತಿತ್ತು. ಮೇ 29ಕ್ಕೆ ಪೋರ್ಟೊದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1-0ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದರು. ಯುರೋಪಿನ ಕ್ಲಬ್ಬುಗಳಿಗೆ ಅದಕ್ಕಿಂತ ದೊಡ್ಡದು ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲೂ ತೆಗೆದರು. 2023ರಲ್ಲಿ ಬಾಯರ್ನ್‌ಗೆ ಲೀಗ್ ಗೆದ್ದುಕೊಟ್ಟರು, ಮರುವರ್ಷ ಏನೂ ಗೆಲ್ಲದೆ ಹೊರಬಿದ್ದರು. ಜಗಳಗಂಟ ಅಂತಲೂ ಹೇಳ್ತಾರೆ, ಅದನ್ನು ಮುಚ್ಚಿಡೋಲ್ಲ.

ಪುಟ್ಟ ಟುಕೆಲ್ ಆಗ್ತಾನೆ ಅಂತ ನಾನು ಹೇಳ್ತಿಲ್ಲ. ಯಾವುದಾದರೂ ಶಾಲೆಯಲ್ಲಿ ಮಕ್ಕಳಿಗೆ ನೆಟ್ಟಗೆ ಆಟ ಕಲಿಸಿದರೂ ನನಗೆ ಸಾಕು. ನಾನು ಅಂದುಕೊಂಡಿರೋದು ಇಷ್ಟೆ. ಮೊದಲು ಆ ಎರಡು ಸಬ್ಜೆಕ್ಟ್ ಮುಗಿಸಲಿ, ಇದರಲ್ಲಿ ನಾನು ನಿಮ್ಮ ಕಡೆ. ಜೊತೆಗೆ ಕೋಚಿಂಗ್‌ನ ಡಿ ಲೈಸೆನ್ಸ್ ಮಾಡಿಕೊಳ್ಳಲಿ. ಅದು ಕೆಲವೇ ದಿನದ ಕೋರ್ಸು, ನಮ್ಮ ದೇಶದಲ್ಲೇ ಆಗುತ್ತೆ. ಆಮೇಲೆ ಸಿ, ಬಿ, ಎ ಅಂತ ಮೇಲೆ ಹೋಗುತ್ತೆ. ಹೋಗೋಕೆ ಆಗದಿದ್ದರೆ ಡಿಗ್ರಿ ಕೈಯಲ್ಲಿ ಇರುತ್ತೆ. ಫೀಸು ನಾನು ಕಟ್ಟುತ್ತೇನೆ, ಫಿಸಿಯೋಥೆರಪಿಯದ್ದೂ ನನ್ನದೇ. ಅಲ್ಲೀತನಕ ಬೆಳಗ್ಗೆ ಅವನ ಹಳೇ ಶಾಲೆಯ ಪಿಟಿ ಮೇಷ್ಟ್ರ ಜೊತೆ ಮೈದಾನಕ್ಕೆ ಹೋಗಲಿ. ಮನೆಯಲ್ಲಿ ಕೂತರೆ ನಿಮ್ಮಿಬ್ಬರಿಗೂ ಜಗಳ ಬಿಟ್ಟರೆ ಬೇರೆ ಕೆಲಸ ಇರೋಲ್ಲ. ಮತ್ತೆ ರಾಜಿ ಅತ್ತೆ ಎದುರಿಗೆ ಅವನನ್ನು "ಕುಂಟ" ಅಂದಿರಂತೆ. ತಮಾಷೆಗೇ ಅಂದಿರಬಹುದು. ಅವನು ಆವತ್ತು ರಾತ್ರಿ ನನಗೆ ಫೋನ್ ಮಾಡಿ ಬಹಳ ಹೊತ್ತು ಮಾತೇ ಆಡಲಿಲ್ಲ.

ಫೀಸು ಕಟ್ಟಿದರೆ ನನಗೆ ಕಷ್ಟವಾಗುತ್ತೆ ಅಂತ ಯೋಚಿಸಬೇಡಿ. ಏನೂ ಕಷ್ಟವಿಲ್ಲ. ಸಂಬಳ ಸಾಕಷ್ಟು ಇದೆ, ಉಳಿತಾಯವೂ ಇದೆ. ಹೊಟ್ಟೆ ತುಂಬ ತಿಂತೀನಿ. ಹೀಟರ್ ಸರಿಯಾಗಿದೆ, ಸ್ವೆಟರ್ ಜಾಸ್ತಿಯೇ ಇವೆ, ಕೆಮ್ಮು ಪೂರ್ತಿ ಹೋಗಿದೆ. ಒಂಟಿ ಅಂತಲೂ ಅನ್ನಿಸೋಲ್ಲ, ತಾತನ ಮನೆಯವರು ಕೇಕ್ ಕೊಟ್ಟು ಕಳಿಸ್ತಾನೇ ಇರ್ತಾರೆ. ಎಲ್ಲಾ ಚೆನ್ನಾಗಿದೆ, ನಿಜವಾಗಿಯೂ.

ಸರಿ, ಇಂಡಿಯನ್ ಸ್ಟೋರ್ಸ್ ಬೇಗ ಮುಚ್ತಾರೆ, ನಾಳೆ ಭಾನುವಾರ ಏನೂ ಸಿಗೋಲ್ಲ, ಹುಣಸೆಹಣ್ಣು ಖಾಲಿಯಾಗಿದೆ. ಓಡಬೇಕು. ಅಮ್ಮನಿಗೂ ಅಜ್ಜಿಗೂ ನಮಸ್ಕಾರ ತಿಳಿಸಿ. ಈ ಕಾಗದ ಪುಟ್ಟನಿಗೆ ತೋರಿಸಬೇಡಿ, ಕುಣಿದಾಡ್ತಾನೆ. ಉಳಿದಿದ್ದು ಫೋನಿನಲ್ಲಿ.

ನಿಮ್ಮ ಮಗಳು,
ಸುಮ