ದೋಷ ಹುಡುಕಿದವರಿಗೆ ನಮಸ್ಕಾರ

2020ರ ನವೆಂಬರ್ 16ರಂದು ಹವಾಯಿಯ ಈಶಾನ್ಯದ ಕಡಲಲ್ಲಿ ಅಮೆರಿಕದ ಜಾನ್ ಫಿನ್ ಹಡಗಿನಿಂದ ಹಾರಿದ ಎಸ್‌ಎಂ-3 ಬ್ಲಾಕ್ 2ಎ ಪ್ರತಿಬಂಧಕ (ಎದುರಿನಿಂದ ಬರುವ ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆಯುವ ಕ್ಷಿಪಣಿ), ಮಾರ್ಷಲ್ ದ್ವೀಪಗಳ ಕ್ವಾಜಲೀನ್‌ನಿಂದ ಬಿಟ್ಟ ಖಂಡಾಂತರ ಕ್ಷಿಪಣಿ ಮಾದರಿಯ ಗುರಿಯನ್ನು ಬಾಹ್ಯಾಕಾಶದಲ್ಲೇ ಒಡೆಯಿತು. ಹಡಗಿನಿಂದ ಅಂಥ ಗುರಿಯನ್ನು ಹೊಡೆದದ್ದು ಅದೇ ಮೊದಲು. ಚಿತ್ರಗಳಲ್ಲಿ ಕಾಣುವುದು ಬೆಂಕಿಯ ಕಂಬ. ಈ ವಿದ್ಯೆಯನ್ನು ಬಲ್ಲ ನಾವು ಧನ್ಯವಾದ ಹೇಳಬೇಕಿರುವುದು ಆ ಚಿತ್ರಗಳಲ್ಲಿ ಇಲ್ಲದವರಿಗೆ.

ಮೊದಲಿಗೆ, ಸೋತ ಪರೀಕ್ಷೆಗಳ ದಾಖಲೆ ಹರಡಿಕೊಂಡು ಕೂತವರಿಗೆ. 2017ರ ಜೂನ್‌ನಲ್ಲಿ ಡೇಟಾ ಲಿಂಕ್ (ಮಾಹಿತಿ ಹಂಚುವ ಜಾಲ) ನೋಡಿಕೊಳ್ಳುತ್ತಿದ್ದ ನಾವಿಕರೊಬ್ಬರು ಗುರಿಯನ್ನು ತಪ್ಪಾಗಿ ಮಿತ್ರಪಕ್ಷದ್ದೆಂದು ಗುರುತಿಸಿದರು. ಪ್ರತಿಬಂಧಕ ತನ್ನನ್ನು ತಾನೇ ನಾಶಮಾಡಿಕೊಂಡಿತು. 2018ರ ಜನವರಿಯಲ್ಲಿ ಮೂರನೇ ಹಂತದ ಮೋಟಾರ್ ಹೊತ್ತಿಕೊಳ್ಳಲಿಲ್ಲ. ಈ ಎರಡನೆಯದು ಎಷ್ಟು ದೊಡ್ಡ ಪೆಟ್ಟೆಂದು ತಿಳಿಯಲು ಹಂತಗಳ ಕೆಲಸ ಗೊತ್ತಿರಬೇಕು. ಮೊದಲ ಹಂತವಾದ ಬೂಸ್ಟರ್ ಕ್ಷಿಪಣಿಯನ್ನು ಹಡಗಿನ ಲಂಬ ಕೋಶದಿಂದ ಮೇಲೆತ್ತುತ್ತದೆ, ಎರಡನೆಯದು ವಾತಾವರಣ ದಾಟಿಸುತ್ತದೆ. ಮೂರನೆಯದು ಎರಡು ಸಲ ಉರಿಯಬಲ್ಲದು. ನಡುವಿನ ಬಿಡುವಿನಲ್ಲಿ ದಾರಿ ತಿದ್ದಿಕೊಳ್ಳಬಹುದು. ಕೊನೆಗೆ ಬೇರ್ಪಡುವ ಸಿಡಿತಲೆಯಲ್ಲಿ ಸ್ಫೋಟಕವೇ ಇಲ್ಲ. ಅದು ಅವಗೆಂಪು ಸಂವೇದಕದಿಂದ ಗುರಿ ಕಂಡು, ಮೈಗೆ ಮೈ ಡಿಕ್ಕಿ ಹೊಡೆಯಬೇಕು. ಅದರ ಪುಟ್ಟ ಮೋಟಾರುಗಳು ಕೊನೆಯ ಕ್ಷಣಗಳ ತಿದ್ದುಪಡಿಗಷ್ಟೇ. ಮೂರನೇ ಹಂತ ಕೈಕೊಟ್ಟರೆ ಆ ಕೊರತೆಯನ್ನು ಅವು ತುಂಬಲಾರವು. 2018ರ ಅಕ್ಟೋಬರ್ 26ರಂದು ಅದೇ ಮಾದರಿಯ ಕ್ಷಿಪಣಿ, ಇದೇ ಹಡಗಿನಿಂದ, ಗುರಿ ಮುಟ್ಟಿತು. ಅದು ನಿಮ್ಮ ತಾಳ್ಮೆಯ ಫಲ.

ರೇಡಾರ್ ಕಾಯುವವರಿಗೆ ನಮ್ಮ ಋಣ ಇನ್ನೂ ದೊಡ್ಡದು. ಏಜಿಸ್ ಎಂಬ ಕ್ಷಿಪಣಿ ರಕ್ಷಣಾ ವ್ಯವಸ್ಥೆಯ ಹಡಗಿನ ಸ್ಪೈ-1 ರೇಡಾರಿಗೆ ನಾಲ್ಕು ಮುಖ, ಒಂದೊಂದರಲ್ಲೂ ನಾಲ್ಕು ಸಾವಿರಕ್ಕೂ ಹೆಚ್ಚು ಆಂಟೆನಾ ಘಟಕ. ಹೊರಸೂಸುವ ಶಕ್ತಿ ಅರ್ಧಕ್ಕಿಳಿದರೂ ವ್ಯಾಪ್ತಿ ಶೇ. 16ರಷ್ಟೇ ಕುಗ್ಗುತ್ತದೆ, ಆದ್ದರಿಂದಲೇ ಸವಕಳಿ ಬೇಗ ಕಣ್ಣಿಗೆ ಬೀಳುವುದಿಲ್ಲ, ಅಳೆದೇ ನೋಡಬೇಕು. ಕೋನದ ತಪ್ಪು ಮಾತ್ರ ಯಾವ ರಿಯಾಯಿತಿಯನ್ನೂ ಕೊಡದು. ಹೊಯ್ದಾಡುವ ಹಡಗಿನಲ್ಲಿ ಜೈರೊ (ದಿಕ್ಕು, ಓರೆ ಅಳೆಯುವ ಸಾಧನ) ಹೊಂದಾಣಿಕೆ ಒಂದು ಡಿಗ್ರಿಯ ಹತ್ತನೇ ಒಂದರಷ್ಟು ತಪ್ಪಿದರೂ, ಸಾವಿರ ಕಿ.ಮೀ. ದೂರದಲ್ಲಿ ಗುರಿಯ ಜಾಗ 1.7 ಕಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಬಂದರಿನಲ್ಲೇ ಆ ಹೊಂದಾಣಿಕೆಯನ್ನು ಮತ್ತೆ ಮತ್ತೆ ಪರೀಕ್ಷಿಸಿದ ಕೈಗಳಿಗೆ ಕೈಮುಗಿಯುತ್ತೇವೆ.

ಭೂಮಿ ಗುಂಡಗಿರುವುದೂ ಒಂದು ತೊಡಕು. ನೀರಿನಿಂದ 15 ಮೀಟರ್ ಎತ್ತರದ ರೇಡಾರಿಗೆ ಸಾವಿರ ಕಿ.ಮೀ. ಆಚೆ ಸುಮಾರು 57 ಕಿ.ಮೀ. ಎತ್ತರದವರೆಗಿನದೆಲ್ಲ ಮರೆ. 2020ರಲ್ಲಿ ಜಾನ್ ಫಿನ್ ಬೇರೆಡೆಯ ಸಂವೇದಕಗಳು ಜಾಲದ ಮೂಲಕ ಕಳಿಸಿದ ಮಾಹಿತಿಯ ಮೇಲೆ ಪ್ರತಿಬಂಧಕ ಹಾರಿಸಿತು. ಒಬ್ಬರು ಕಂಡದ್ದನ್ನು ಇನ್ನೊಬ್ಬರು ನಂಬಿ ಹೊಡೆಯಬೇಕಾದರೆ ಎರಡೂ ಕಡೆಯ ಗಡಿಯಾರ, ನಿರ್ದೇಶಾಂಕ ತಾಳೆಯಾಗಿರಬೇಕು. ಆ ತಾಳೆ ಕೂಡಿಸಿದ ಸಾಫ್ಟ್‌ವೇರ್ ತಂಡದವರೇ, ನಿಮಗೂ ಮನಸಾರೆ ಧನ್ಯವಾದ.

ಗುರಿ ಕ್ಷಿಪಣಿ ಕಟ್ಟಿದವರನ್ನು ಮರೆತಿಲ್ಲ. ಅದು ಹೇಳಿದ ಹಾದಿಯಲ್ಲಿ ಹಾರದಿದ್ದರೆ ಅಂದು ಪರೀಕ್ಷೆಯೇ ಇರುತ್ತಿರಲಿಲ್ಲ.